ತಾಳೆಯಾಗದ ಲೆಕ್ಕ: ನಮ್ಮ ಸಂಸದರಿಗೆ ಒಬ್ಬ ಹಳೇ ಸ್ಟೋರ್ ಕೀಪರನ ಬಹಿರಂಗ ಪತ್ರ

ಕಾಪು, ಡಿಸೆಂಬರ್ 2025

ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ನಿಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹೆದ್ದಾರಿ, ಕಡಲ್ಕೊರೆತ, ದೋಣಿಯ ಡೀಸೆಲ್ ಬಗ್ಗೆ ಇರುತ್ತವೆ. ನನ್ನ ಪತ್ರ 2003ರ ಇರಾಕ್ ಯುದ್ಧದ ಬಗ್ಗೆ, ಅದು ನೆನಪಿಸುವ ಈಗಿನ ಇರಾನಿನ ಬಗ್ಗೆ. ಇವನಿಗೆ ಬೇರೆ ಕೆಲಸ ಇಲ್ಲವಾ ಅಂತ ಬದಿಗಿಡಬೇಡಿ. ಕುವೈತಿನ ಶುವೈಖ್‌ನಲ್ಲಿ ವಾಹನಗಳ ಬಿಡಿಭಾಗದ ಗೋಡೌನೊಂದರಲ್ಲಿ ನಾನು 19 ವರ್ಷ ಸ್ಟೋರ್ ಕೀಪರ್ ಆಗಿದ್ದವನು. ಈಗ ಊರಲ್ಲಿದ್ದೇನೆ. ಮಗ ಅಲ್ಲೇ ಇದ್ದಾನೆ. ನಮ್ಮ ಕರಾವಳಿಯಲ್ಲಿ ಇಂಥ ಮನೆಗಳು ಎಷ್ಟಿವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

2003ರ ಮಾರ್ಚ್ 20, ಗುರುವಾರ. ಅಮೆರಿಕ ಇರಾಕಿನ ಮೇಲೆ ಯುದ್ಧ ಶುರು ಮಾಡಿದ ದಿನ. ಫರ್ವಾನಿಯಾದ ಒಂದು ಕೋಣೆಯಲ್ಲಿ ನಾವು ಆರು ಜನ. ಹಿಂದಿನ ವಾರವೇ ಕಿಟಕಿಗೆ ಪ್ಲಾಸ್ಟಿಕ್ ಹಾಕಿ ಸುತ್ತ ಟೇಪ್ ಅಂಟಿಸಿದ್ದೆವು. ಗ್ಯಾಸ್ ಮಾಸ್ಕ್ ನಮ್ಮ ಕಿಸೆಗೆ ನಿಲುಕುವ ವಸ್ತು ಆಗಿರಲಿಲ್ಲ. ಹಾಗಾಗಿ ಒಂದು ಬಕೆಟ್ ನೀರು, ಆರು ಟವೆಲ್. ಸೈರನ್ ಕೂಗಿದ ಕೂಡಲೇ ಟವೆಲ್ ಒದ್ದೆ ಮಾಡಿ ಮೂಗಿಗೆ ಹಿಡಿಯಬೇಕು, ಬಾಗಿಲ ಸಂದಿಗೆ ಬೆಡ್‌ಶೀಟ್ ತುರುಕಬೇಕು. ಕುಂದಾಪುರದ ಒಬ್ಬ ಹೇಳಿದ್ದ: "ಬಿರಿಯಾನಿಗೆ ದಮ್ ಕಟ್ಟಿದ ಹಾಗಾಯ್ತಲ್ಲ ಮಾರಾಯ್ರೇ." ನಕ್ಕೆವು. ನಗು ಬೇಗ ನಿಂತಿತು. ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಹತ್ತಿರ ವಿಷದ ಅನಿಲ ಇದೆ, ಅದನ್ನು ಮೊದಲು ಕುವೈತಿನ ಮೇಲೇ ಬಿಡುತ್ತಾನೆ ಅಂತ ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಕ್ಷಿಪಣಿಗಳು ಬಂದದ್ದೂ ನಿಜ. ಕೆಲವನ್ನು ಆಕಾಶದಲ್ಲೇ ಹೊಡೆದರು. 29ರ ಬೆಳಗಿನ ಜಾವ ಒಂದು ಬಂದು ಕಡಲ ಬದಿಯ ಸೂಕ್ ಶರ್ಕ್ ಮಾಲ್ ಹತ್ತಿರ ಬಿತ್ತು. ಯಾವುದರಲ್ಲೂ ಅನಿಲ ಇರಲಿಲ್ಲ. ಇರಲಿಕ್ಕೆ ಸಾಧ್ಯವೂ ಇರಲಿಲ್ಲ ಅಂತ ಗೊತ್ತಾದದ್ದು ಆಮೇಲೆ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲಿಕ್ಕಿಲ್ಲ.

ವರ್ಷಕ್ಕೊಮ್ಮೆ ಸ್ಟಾಕ್ ಚೆಕ್ ಇರುತ್ತದೆ. ಪುಸ್ತಕದಲ್ಲಿ 40 ಕ್ಲಚ್ ಪ್ಲೇಟ್, ರ‍್ಯಾಕಿನಲ್ಲಿ 31. ಒಂಬತ್ತು ಎಲ್ಲಿ? ಯಾರೋ ಕದ್ದಿರಬಹುದು. ಬಿಲ್ ಬರೆಯದೆ ಕೊಟ್ಟಿರಬಹುದು. ಬಂದ ಮಾಲನ್ನೇ ಎರಡು ಸಲ ಎಂಟ್ರಿ ಮಾಡಿರಬಹುದು. ಮುರಿದದ್ದನ್ನು ಯಾರಿಗೂ ಹೇಳದೆ ಎಸೆದಿರಬಹುದು. ಮಾಲೀಕನಿಗೆ ಸಂಶಯ ಬಂದರೆ ತಪ್ಪಿಲ್ಲ, ಅದು ಅವನ ಹಕ್ಕು. ಆದರೆ "ಪುಸ್ತಕದಲ್ಲಿ ಒಂಬತ್ತು ಕಮ್ಮಿ" ಅನ್ನುವುದನ್ನು "ಸ್ಟೋರ್ ಕೀಪರನ ಮಂಚದ ಅಡಿಯಲ್ಲಿ ಒಂಬತ್ತು ಇವೆ" ಅಂತ ಓದಲಿಕ್ಕೆ ಆಗುವುದಿಲ್ಲ, ಅಲ್ವಾ? ಇನ್ನೊಂದು ನಿಯಮ ಉಂಟು. ಕೆಟ್ಟ ಮಾಲನ್ನು ಸ್ಕ್ರ್ಯಾಪ್ ಮಾಡುವಾಗ ಇಬ್ಬರ ಸಹಿ ಬೇಕು. ಸಹಿ ಇಲ್ಲದೆ ಎಸೆದರೆ, ನೀವು ಹರಿಶ್ಚಂದ್ರನೇ ಆದರೂ ಯಾರೂ ನಂಬುವುದಿಲ್ಲ.

ಇರಾಕಿನ ಇಡೀ ಕತೆ ಈ ಎರಡು ನಿಯಮದಲ್ಲಿದೆ.

ಮಾಲು ಒಂದು ಕಾಲದಲ್ಲಿ ಇದ್ದದ್ದು ಸತ್ಯ. 1980ರ ದಶಕದ ಯುದ್ಧದಲ್ಲಿ ಇರಾಕ್ ಇರಾನಿನ ಮೇಲೆ ಸಾಸಿವೆ ಅನಿಲ, ನರವಿಷ ಎಲ್ಲ ಹಾಕಿತ್ತು. 1988ರ ಮಾರ್ಚ್ 16ರಂದು ಹಲಬ್ಜಾ ಅನ್ನುವ ಕುರ್ದ್ ಜನರ ಊರಿನ ಮೇಲೆ ಹಾಕಿದಾಗ ಸುಮಾರು 5,000 ಜನ ಸತ್ತರು. ಮಕ್ಕಳನ್ನು ಎತ್ತಿಕೊಂಡೇ ಬಿದ್ದಿದ್ದ ತಂದೆ ತಾಯಿಯರ ಫೋಟೋ ನೀವೂ ನೋಡಿರುತ್ತೀರಿ. ಸದ್ದಾಂ ಮೇಲಿನ ಸಂಶಯ ಗಾಳಿಯಿಂದ ಹುಟ್ಟಿದ್ದಲ್ಲ.

1990ರಲ್ಲಿ ಕುವೈತನ್ನು ಹಿಡಿದಿದ್ದ ಇರಾಕ್ 1991ರಲ್ಲಿ ಅಲ್ಲಿಂದ ಹೊಡೆಸಿಕೊಂಡು ಹೋದ ಮೇಲೆ, ಎಲ್ಲ ಅಸ್ತ್ರ ಒಪ್ಪಿಸಿ ನಾಶ ಮಾಡಬೇಕು ಅಂತ ವಿಶ್ವಸಂಸ್ಥೆಯ 687ನೇ ನಿರ್ಣಯ ಬಂತು. ಇರಾಕ್ ಸ್ವಲ್ಪ ಒಪ್ಪಿಸಿತು. ಸ್ವಲ್ಪ ಮುಚ್ಚಿಟ್ಟಿತು. ಆಮೇಲೆ ಹೆದರಿ, ಆ ಬೇಸಿಗೆಯಲ್ಲಿ, ಮುಚ್ಚಿಟ್ಟದ್ದನ್ನು ತಾನೇ ಗುಟ್ಟಾಗಿ ನಾಶ ಮಾಡಿತು. ಸಾಕ್ಷಿ ಇಲ್ಲ, ಎರಡನೇ ಸಹಿ ಇಲ್ಲ. ನನ್ನ ಹತ್ತಿರ ಕೆಲಸಕ್ಕಿದ್ದ ಹುಡುಗ ಇಂಥದ್ದು ಮಾಡಿದ್ದರೆ ಅವತ್ತೇ ಊರಿನ ಟಿಕೆಟ್ ಕೈಗೆ ಕೊಡುತ್ತಿದ್ದೆ.

1995ರಲ್ಲಿ ಸದ್ದಾಂನ ಅಳಿಯ ಹುಸೇನ್ ಕಾಮೆಲ್ ಜೋರ್ಡಾನಿಗೆ ಓಡಿಹೋದ. ಅಸ್ತ್ರದ ಇಲಾಖೆ ಪೂರಾ ಅವನ ಕೈಯಲ್ಲೇ ಇದ್ದದ್ದು. ಎಲ್ಲವನ್ನೂ ನಾಶ ಮಾಡಿಸಿದ್ದೇನೆ ಅಂತ ವಿಶ್ವಸಂಸ್ಥೆಯ ತಪಾಸಕರ ಮುಂದೆ ಹೇಳಿದ. ಅವನು ಓಡಿಹೋದ ಮೇಲೆ ಇರಾಕ್ ಗಾಬರಿಯಾಗಿ ಲಕ್ಷಗಟ್ಟಲೆ ಪುಟದ ದಾಖಲೆ ತೋರಿಸಿತು. ಎಲ್ಲಿ ಗೊತ್ತಾ? ಅವನದೇ ಕೋಳಿ ಫಾರ್ಮಿನಲ್ಲಿ, ಪೆಟ್ಟಿಗೆಗಳಲ್ಲಿ ತುಂಬಿಸಿಟ್ಟು! ಇಷ್ಟು ದಿನ ಇಲ್ಲ ಅಂದ ಕಾಗದ ಕೋಳಿ ಗೂಡಲ್ಲಿ ಸಿಕ್ಕಿದರೆ ಮುಂದಿನ ಮಾತನ್ನು ಯಾರು ನಂಬುತ್ತಾರೆ? ಕಾಮೆಲ್ ಮರುವರ್ಷ ವಾಪಸ್ ಹೋದ, ಅವನನ್ನು ಕೊಂದರು. ಅವನು ಹೇಳಿದ್ದರಲ್ಲಿ ಹಿಂದೆ ಏನೇನಿತ್ತು ಅನ್ನುವುದನ್ನು ಎಲ್ಲರೂ ಹೇಳಿಕೊಂಡು ತಿರುಗಿದರು. ನಾಶ ಮಾಡಿಸಿದೆ ಅಂದದ್ದು ಮೂಲೆಗೆ ಹೋಯಿತು.

2002ರ ನವೆಂಬರ್ 27ರಂದು ತಪಾಸಕರು ಮತ್ತೆ ಇರಾಕಿನೊಳಗೆ ಕೆಲಸ ಶುರು ಮಾಡಿದರು. ಸ್ವೀಡನ್‌ನ ಹಾನ್ಸ್ ಬ್ಲಿಕ್ಸ್ ಅವರ ಮುಖ್ಯಸ್ಥ. ಅಣುವಿನ ವಿಷಯ ಈಜಿಪ್ಟಿನ ಮೊಹಮ್ಮದ್ ಎಲ್‌ಬರಾದೈ ಅವರದು. ಮೂರೂವರೆ ತಿಂಗಳಲ್ಲಿ ಬ್ಲಿಕ್ಸ್ ತಂಡ 400ಕ್ಕೂ ಹೆಚ್ಚು ಜಾಗಗಳಲ್ಲಿ 700ಕ್ಕೂ ಹೆಚ್ಚು ತಪಾಸಣೆ ಮಾಡಿತು. 150 ಕಿಲೋಮೀಟರಿಗಿಂತ ದೂರ ಹಾರುವ ಅಲ್ ಸಮೂದ್ ಕ್ಷಿಪಣಿಗಳು ಸಿಕ್ಕಿದವು. ಅವನ್ನು ಬುಲ್ಡೋಜರ್ ಹತ್ತಿಸಿ ಪುಡಿ ಮಾಡಿಸುತ್ತಿದ್ದರು. ವಿಷ ಅನಿಲದ ದಾಸ್ತಾನು ಸಿಗಲಿಲ್ಲ.

ಆದರೆ ಪುಸ್ತಕ ತಾಳೆಯಾಗಲಿಲ್ಲ. 8,500 ಲೀಟರ್ ಆಂಥ್ರಾಕ್ಸ್ ಅನ್ನುವ ಕೊಲ್ಲುವ ರೋಗಾಣು ಮಾಡಿದ್ದೆವು, ನಾಶ ಮಾಡಿದೆವು ಅಂತ ಇರಾಕ್ ಹೇಳುತ್ತಿತ್ತು, ಕಾಗದ ಇಲ್ಲ. ಇರಾಕಿನ ವಾಯುಸೇನೆಯ ಒಂದು ದಾಖಲೆ ಪ್ರಕಾರ 6,500 ರಾಸಾಯನಿಕ ಬಾಂಬುಗಳ ಲೆಕ್ಕ ಸಿಗುವುದಿಲ್ಲ, ಅಂದರೆ ಸುಮಾರು 1,000 ಟನ್ ವಿಷ. ಫೆಬ್ರವರಿ 14ರಂದು ಬ್ಲಿಕ್ಸ್ ಭದ್ರತಾ ಮಂಡಳಿಯಲ್ಲಿ ಇದರ ಬಗ್ಗೆಯೇ ಹೇಳಿದರು. ಲೆಕ್ಕ ಸಿಗದ ಮಾಲು ಇದ್ದೇ ಇದೆ ಅನ್ನುವ ತೀರ್ಮಾನಕ್ಕೆ ಹಾರಬಾರದು, ಇರಲಿಕ್ಕಿಲ್ಲ ಅಂತಲೂ ಹೇಳಲಾಗದು ಅಂತ. ಇದು ಶುದ್ಧ ಸ್ಟೋರ್ ಕೀಪರನ ಮಾತು. ಆ ಮನುಷ್ಯ ರಾಜತಾಂತ್ರಿಕ ಅಂತಾರೆ, ನನಗೆ ಮಾತ್ರ ನಮ್ಮವನೇ ಅನ್ನಿಸಿತು.

ಕೇಳುವವರು ಯಾರು? ಅದಕ್ಕೂ ಒಂಬತ್ತು ದಿನ ಮೊದಲು, ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಅದೇ ಮಂಡಳಿಯಲ್ಲಿ, ಆಂಥ್ರಾಕ್ಸ್ ಇಷ್ಟಿದ್ದರೂ ಸಾಕು ಅಂತ ಸಣ್ಣ ಸೀಸೆ ಎತ್ತಿ ತೋರಿಸಿ ಆಗಿತ್ತು. ಲಾರಿಯೊಳಗೆ ಓಡಾಡುವ ವಿಷದ ಕಾರ್ಖಾನೆ ಇದೆ ಅಂದರು. ಅದಕ್ಕೆ ಅವರು ತೋರಿಸಿದ್ದು ಕೈಯಲ್ಲಿ ಬಿಡಿಸಿದಂಥ ಚಿತ್ರ. ಫೋಟೋ ಇರಲಿಲ್ಲ. ಆ ಲಾರಿಯ ಮಾತು ಬಂದದ್ದು ಜರ್ಮನಿಯಲ್ಲಿ ಆಶ್ರಯ ಕೇಳಿಕೊಂಡಿದ್ದ ಒಬ್ಬ ಇರಾಕಿ ಎಂಜಿನಿಯರನಿಂದ. 'ಕರ್ವ್‌ಬಾಲ್' ಅಂತ ಅವನಿಗೆ ಗುಪ್ತ ಹೆಸರು. ಕಟ್ಟಿ ಹೇಳಿದ್ದು ಅಂತ ಅವನೇ 2011ರಲ್ಲಿ ಒಪ್ಪಿಕೊಂಡ. ನೈಜರ್ ದೇಶದಿಂದ ಯುರೇನಿಯಂ ಕೊಳ್ಳಲು ಹೊರಟಿದ್ದರು ಅನ್ನುವ ಕಾಗದಗಳು ಅಸಲಿ ಅಲ್ಲ ಅಂತ ಎಲ್‌ಬರಾದೈ ಮಾರ್ಚ್ 7ರಂದೇ ಮಂಡಳಿಗೆ ತಿಳಿಸಿದ್ದರು. ಯುದ್ಧಕ್ಕೆ ಇನ್ನೂ 13 ದಿನ ಇತ್ತು. ಇನ್ನಷ್ಟು ತಿಂಗಳು ಕೊಡಿ ಅಂತ ಬ್ಲಿಕ್ಸ್ ಕೇಳಿದರು. 18ರಂದು ತಪಾಸಕರನ್ನು ಹೊರಗೆ ಕರೆಸಿಕೊಂಡರು. ಸ್ಟಾಕ್ ಚೆಕ್ ಅರ್ಧದಲ್ಲಿರುವಾಗ ಗೋಡೌನಿಗೆ ಬೆಂಕಿ ಇಟ್ಟ ಹಾಗೆ.

ಆಮೇಲಿನದು ನಿಮಗೆ ಗೊತ್ತು. ಅಮೆರಿಕದ್ದೇ ಸಾವಿರಕ್ಕೂ ಹೆಚ್ಚು ಜನರ ತಂಡ ಇರಾಕನ್ನು ಜಾಲಾಡಿತು. ನಾವು ಹೆಚ್ಚುಕಮ್ಮಿ ಎಲ್ಲರೂ ತಪ್ಪಿದೆವು ಅಂತ ತಂಡದ ಮುಖ್ಯಸ್ಥ ಡೇವಿಡ್ ಕೇ 2004ರ ಜನವರಿಯಲ್ಲಿ ಸೆನೆಟ್ ಮುಂದೆ ಒಪ್ಪಿಕೊಂಡರು. ಅವರ ನಂತರ ಬಂದ ಚಾರ್ಲ್ಸ್ ಡುಲ್ಫರ್ ವರದಿಯೂ ದಾಸ್ತಾನು 1991ರಲ್ಲೇ ನಾಶವಾಗಿತ್ತು ಅಂದಿತು. ನ್ಯಾಯವಾಗಿ ಇದನ್ನೂ ಹೇಳಬೇಕು: 1991ಕ್ಕಿಂತ ಹಿಂದಿನ ತುಕ್ಕು ಹಿಡಿದ ರಾಸಾಯನಿಕ ಶೆಲ್‌ಗಳು ಅಲ್ಲಲ್ಲಿ ಸಾವಿರಾರು ಸಿಕ್ಕಿವೆ. ಯಾವ ಗೋಡೌನಿನಲ್ಲೂ ಹಳೇ ರ‍್ಯಾಕಿನ ಹಿಂದೆ ಹೀಗೆ ಏನಾದರೂ ಬಿದ್ದಿರುತ್ತದೆ. ಯುದ್ಧ ಮಾಡಿದ್ದು ಅದಕ್ಕಲ್ಲವಲ್ಲ. ಆ ಯುದ್ಧ, ಅದರ ಬಾಲ ಎಲ್ಲ ಸೇರಿ ಸತ್ತ ಸಾಮಾನ್ಯ ಜನರು ದಾಖಲಾದ ಲೆಕ್ಕದಲ್ಲೇ ಲಕ್ಷಕ್ಕೂ ಜಾಸ್ತಿ. 2014ರಲ್ಲಿ ಮೋಸುಲ್‌ನಲ್ಲಿ ಕೊಂದು ಹೂತ ನಮ್ಮ 39 ಕೂಲಿಯವರನ್ನೂ ನಾನು ಅದರಲ್ಲೇ ಸೇರಿಸುತ್ತೇನೆ.

ಇಲ್ಲದ್ದನ್ನು ಇಲ್ಲ ಅಂತ ಸದ್ದಾಂ ಸರಿಯಾಗಿ ಯಾಕೆ ಹೇಳಲಿಲ್ಲ? ಸೆರೆ ಸಿಕ್ಕ ಮೇಲೆ ಅವನೇ ಎಫ್‌ಬಿಐ ಅಧಿಕಾರಿಗೆ ಹೇಳಿದ್ದು: ಇರಾನಿನ ಮುಂದೆ ಬಲಹೀನನಾಗಿ ಕಾಣಬಾರದಿತ್ತು. ನಮ್ಮಲ್ಲಿ ನಾಯಿ ಸತ್ತು ಎಷ್ಟೋ ವರ್ಷವಾದರೂ ಗೇಟಿನಲ್ಲಿ "ನಾಯಿ ಇದೆ ಎಚ್ಚರಿಕೆ" ಬೋರ್ಡ್ ಬಿಡುತ್ತಾರಲ್ಲ, ಹಾಗೆ.

ಈಗ ನಿಮ್ಮ ಸದನಕ್ಕೆ ಬರುತ್ತೇನೆ. ಆ ಯುದ್ಧದ ವಿರುದ್ಧ ಲೋಕಸಭೆ ಒಮ್ಮತದ ನಿರ್ಣಯ ಮಾಡಿತ್ತು. ಹಿಂದಿಯಲ್ಲಿ 'ನಿಂದಾ' ಅಂತ ಬಿರುಸಾದ ಪದ, ಇಂಗ್ಲಿಷಿನಲ್ಲಿ ಸ್ವಲ್ಪ ಮೆತ್ತಗಿನ 'ಡಿಪ್ಲೋರ್'. ಎರಡು ಕಡೆಗೂ ಬೇಸರ ಆಗದ ಹಾಗೆ ಮಾಡಿದ ಜಾಣತನ ಇರಬೇಕು. ಪದದ ಬಗ್ಗೆ ನನಗೆ ತಕರಾರಿಲ್ಲ, ದಿನಾಂಕದ ಬಗ್ಗೆ ಇದೆ. ಏಪ್ರಿಲ್ 8. ಮರುದಿನ ಬಾಗ್ದಾದಿನಲ್ಲಿ ಸದ್ದಾಂನ ಮೂರ್ತಿ ಉರುಳಿತು. ಆದರೂ ಒಂದು ಒಳ್ಳೇ ಕೆಲಸ ಆಯಿತು. ನಮ್ಮ ಹದಿನೇಳು ಸಾವಿರದಷ್ಟು ಸೈನಿಕರನ್ನು ಇರಾಕಿಗೆ ಕಳಿಸಿ ಅಂತ ಅಮೆರಿಕ ಕೇಳಿದಾಗ, ಜುಲೈ 14ರಂದು ವಾಜಪೇಯಿ ಸರ್ಕಾರ ವಿಶ್ವಸಂಸ್ಥೆಯ ಆದೇಶ ಇಲ್ಲದೆ ಆಗುವುದಿಲ್ಲ ಅಂದಿತು. ಅವತ್ತು ಕೋಣೆಯಲ್ಲಿ ನಾವು ಆರೂ ಜನ ಪಾಯಸ ಮಾಡಿ ತಿಂದೆವು, ಸುಳ್ಳಲ್ಲ.

ಎರಡು ಸಹಿಯ ನಿಯಮ ನಮ್ಮ ದೇಶಕ್ಕೂ ಹೊಸದಲ್ಲ. 1992ರಲ್ಲಿ ಪಾಕಿಸ್ತಾನದ ಜೊತೆ ಕೂತು, ನಮ್ಮಲ್ಲಿ ರಾಸಾಯನಿಕ ಅಸ್ತ್ರ ಇಲ್ಲ ಅಂತ ಘೋಷಣೆಗೆ ಸಹಿ ಹಾಕಿದ್ದೆವು. 1997ರಲ್ಲಿ ಇದೆ ಅಂದೆವು, 1,044 ಟನ್ ಸಾಸಿವೆ ಅನಿಲ. ನಾಚಿಕೆಯ ವಿಷಯವೇ. ಆದರೆ ಆಮೇಲೆ ಅಂತಾರಾಷ್ಟ್ರೀಯ ತಪಾಸಕರನ್ನು ಕರೆದು, ಅವರ ಕಣ್ಣೆದುರೇ 2009ರೊಳಗೆ ಎಲ್ಲವನ್ನೂ ನಾಶ ಮಾಡಿ ಮುಗಿಸಿದೆವು. ಇವತ್ತು ಆ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸುವುದಿಲ್ಲ.

ಇಷ್ಟೆಲ್ಲ ಯಾಕೆ ನೆನಪಾಯಿತು ಅಂದರೆ ಇರಾನ್. ಅಮೆರಿಕ ಮತ್ತಿತರ ದೇಶಗಳ ಜೊತೆಗಿನ 2015ರ ಅಣು ಒಪ್ಪಂದದಲ್ಲಿ ಅವರ ಯುರೇನಿಯಂ ಸಂವರ್ಧನೆಗೆ, ಅಂದರೆ ಇಂಧನಕ್ಕೂ ಬಾಂಬಿಗೂ ಬೇಕಾದ ಅಂಶವನ್ನು ಅದರಲ್ಲಿ ಹೆಚ್ಚಿಸುವುದಕ್ಕೆ, 3.67 ಶೇಕಡಾ ಮಿತಿ, ದಾಸ್ತಾನಿಗೆ 300 ಕಿಲೋ ಮಿತಿ, ಮೇಲಿಂದ ಕ್ಯಾಮೆರಾ, ತಪಾಸಕರು ಎಲ್ಲ ಇತ್ತು. 2018ರಲ್ಲಿ ಅಮೆರಿಕ ಒಪ್ಪಂದ ಬಿಟ್ಟು ಎದ್ದಿತು. 2021ರಲ್ಲಿ ಇರಾನ್ 60 ಶೇಕಡಾಕ್ಕೆ ಏರಿಸಿತು. ವಿದ್ಯುತ್ತಿಗೆ ಅಷ್ಟು ಬೇಡ, ಯಾರಿಗಾದರೂ ಸಂಶಯ ಬರುವಂಥದ್ದೇ. 2022ರಲ್ಲಿ 27 ಕ್ಯಾಮೆರಾ ಕಿತ್ತಿತು. 2025ರ ಜೂನ್ 13ರಂದು ಇಸ್ರೇಲ್ ಬಾಂಬ್ ಹಾಕಿತು, 22ರಂದು ಅಮೆರಿಕ. ಅಷ್ಟರಲ್ಲಿ ಇರಾನ್ ಹತ್ತಿರ 60 ಶೇಕಡಾದ ಯುರೇನಿಯಂ 440.9 ಕಿಲೋ ಇತ್ತು ಅಂತ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕ. ಬಾಂಬ್ ಬಿದ್ದ ಜಾಗಗಳಿಗೆ ತಪಾಸಕರನ್ನು ಇರಾನ್ ಈ ಡಿಸೆಂಬರ್ ತನಕವೂ ಬಿಟ್ಟಿಲ್ಲ. ಅಂದರೆ ಪುಸ್ತಕದಲ್ಲಿ 440.9, ರ‍್ಯಾಕ್ ನೋಡಿದವರು ಯಾರೂ ಇಲ್ಲ. ಬಚ್ಚಿಟ್ಟಿದ್ದಾರೆ ಅಂತ ಒಂದು ಚಾನೆಲ್, ಮಣ್ಣಿನಡಿ ಹೂತುಹೋಗಿದೆ ಅಂತ ಇನ್ನೊಂದು ಚಾನೆಲ್. ಇದೇ ದನಿಯನ್ನು ನಾನು 2003ರ ಫೆಬ್ರವರಿಯಲ್ಲಿ ಕೇಳಿದ್ದೇನೆ. ಇರಾನ್ ಪಾಪದ ದೇಶ ಅಂತ ನಾನು ಹೇಳುತ್ತಿಲ್ಲ. ಸದ್ದಾಂನ ಬೋರ್ಡನ್ನು ಹತ್ತಿರದಿಂದ ನೋಡಿದ ದೇಶ ಅದು, ಅದೇ ಆಟವನ್ನು ತಾನೂ ಆಡುತ್ತಿರಬಹುದು.

ಮಗ ಜೂನ್‌ನಲ್ಲಿ ಫೋನ್ ಮಾಡಿದ್ದ. ಕೊಲ್ಲಿಯ ಆಚೆ ದಡದಲ್ಲೇ ಬುಶೆಹರ್ ಅಣು ಸ್ಥಾವರ ಇದೆ. ಅದಕ್ಕೆ ಪೆಟ್ಟಾದರೆ ನೀರಿನ ಗತಿ ಏನು ಅಂತ ಅಲ್ಲಿ ಎಲ್ಲರಿಗೂ ಚಿಂತೆ. ಕುವೈತಿನವರು ಕುಡಿಯುವುದು ಸಮುದ್ರದ ನೀರನ್ನೇ ಸಿಹಿ ಮಾಡಿ. "ಅಪ್ಪಾ, ಆಗ ನೀವು ಏನು ಮಾಡಿದ್ರಿ?" ಅಂತ ಕೇಳಿದ. ಒದ್ದೆ ಟವೆಲ್ ಅಂದೆ. ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ನಿಮ್ಮಿಂದ ನನಗೆ ಬೇಕಾದ್ದು ಭಾಷಣ ಅಲ್ಲ, ಎರಡು ಪ್ರಶ್ನೆ. ಸದನದಲ್ಲೇ ಬಾಯಿಮಾತಲ್ಲಿ ಉತ್ತರ ಸಿಗುವ ಚುಕ್ಕೆ ಗುರುತಿನದು ಸಿಗದಿದ್ದರೆ ಚುಕ್ಕೆ ಇಲ್ಲದ್ದೇ ಆಗಲಿ, ಲಿಖಿತ ಉತ್ತರ ಬಂದರೆ ಸಾಕು.

ಒಂದನೆಯದು ವಿಯೆನ್ನಾದ ಬಗ್ಗೆ. ಅಣುಶಕ್ತಿ ಸಂಸ್ಥೆಯ ಮಂಡಳಿಯಲ್ಲಿ ಇರಾನ್ ವಿಷಯ ಬಂದಾಗ ಭಾರತ 2005ರ ಸೆಪ್ಟೆಂಬರ್‌ನಲ್ಲೂ 2006ರ ಫೆಬ್ರವರಿಯಲ್ಲೂ ಇರಾನ್ ವಿರುದ್ಧ ಕೈ ಎತ್ತಿತ್ತು. ಸರಿಯೋ ತಪ್ಪೋ, ಅದರ ಜಗಳ ಈಗ ಬೇಡ. ಇನ್ನು ಮುಂದೆ ಯಾವುದೇ ದೇಶದ ಮೇಲೆ ಇಂಥ ಆರೋಪ ಬಂದು ನಾವು ಕೈ ಎತ್ತುವಾಗಲೋ ಇಳಿಸುವಾಗಲೋ, ತಪಾಸಕರು ಕಣ್ಣಾರೆ ನೋಡಿದ್ದೆಷ್ಟು, ಬೇರೆ ದೇಶದ ಗುಪ್ತಚರರು ಹೇಳಿದ್ದೆಷ್ಟು ಅಂತ ಬೇರೆ ಬೇರೆ ಮಾಡಿ ಸದನಕ್ಕೆ ಹೇಳುವ ಪದ್ಧತಿ ಸರ್ಕಾರದಲ್ಲಿ ಇದೆಯಾ? ಇಲ್ಲದಿದ್ದರೆ ಯಾವಾಗ ಶುರು ಮಾಡುತ್ತಾರೆ? ಉತ್ತರ ಯುದ್ಧಕ್ಕೆ ಮೊದಲೇ ಬರಲಿ, ಏಪ್ರಿಲ್ 8ರ ಹಾಗೆ ಆಗುವುದು ಬೇಡ.

ಎರಡನೆಯದು ನಮ್ಮವರ ಬಗ್ಗೆ. ಕುವೈತ್ ಒಂದರಲ್ಲೇ ಹತ್ತು ಲಕ್ಷದಷ್ಟು ಭಾರತೀಯರಿದ್ದಾರೆ. ಅಣು ಸ್ಥಾವರಕ್ಕೆ ಪೆಟ್ಟಾದರೆ, ನೀರು ನಿಂತರೆ, ವಿಮಾನ ನಿಂತರೆ ಏನು ಮಾಡಬೇಕು ಅನ್ನುವ ಯೋಜನೆ ಕಾಗದದ ಮೇಲೆ ಇದೆಯಾ? ಇದ್ದರೆ ಅದು ಕನ್ನಡ, ಮಲಯಾಳಂ, ತೆಲುಗಿನಲ್ಲಿ ಕಾರ್ಮಿಕರ ಕ್ಯಾಂಪಿನ ತನಕ ತಲುಪಿದೆಯಾ? 1990ರಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರ ಜನರನ್ನು ಜೋರ್ಡಾನಿನ ಅಮ್ಮಾನ್‌ನಿಂದ ವಿಮಾನದಲ್ಲಿ ಕರೆತಂದ ದೇಶ ನಮ್ಮದು. ಅದರಲ್ಲಿ ನನ್ನ ಸೋದರಮಾವನೂ ಒಬ್ಬರು. ಅಮ್ಮಾನ್ ಮುಟ್ಟುವ ತನಕ ಮರುಭೂಮಿಯಲ್ಲಿ ಪಟ್ಟ ಪಾಡನ್ನು ಅವರು ಈಗಲೂ ಹೇಳುತ್ತಾರೆ, ವಿಮಾನದ ಬಗ್ಗೆ ಹೇಳುವುದು ಕಡಿಮೆ.

ಪ್ರಶ್ನೆ ಕೊಡಲು 15 ದಿನ ಮುಂಚೆ ನೋಟಿಸ್ ಬೇಕಂತೆ. ಬಜೆಟ್ ಅಧಿವೇಶನಕ್ಕೆ ಇನ್ನೂ ಸಮಯ ಇದೆ. ಕೊಟ್ಟ ದಿನ ಅದರ ಒಂದು ಪ್ರತಿ ಕಳಿಸಿ, ವಾಟ್ಸಾಪಿನಲ್ಲಿ ಆದರೂ ಆಗುತ್ತದೆ. ಮಗನಿಗೆ ಫಾರ್ವರ್ಡ್ ಮಾಡಬೇಕು.

ಇತಿ ತಮ್ಮ ವಿಶ್ವಾಸಿ,
ಕಾಪುವಿನ ಒಬ್ಬ ಮತದಾರ