ನೀಲಿ ದೀಪದ ಜೊತೆ ಒಂದು ಟೋಕನ್ನೂ ಇರಲಿ

ಮಾನ್ಯ ಸಂಪಾದಕರೆ,

ಪ್ರತಿವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ಜಾಗೃತಿ ದಿನದ ಹೆಸರಲ್ಲಿ ಕಟ್ಟಡಗಳಿಗೆ ನೀಲಿ ದೀಪ ಹಾಕುತ್ತಾರೆ, ಡೋಲು ಬಡಿಸಿ ಜಾಥಾ ಹೊರಡಿಸುತ್ತಾರೆ. ಯಾರಿಗಾಗಿ ಜಾಥಾವೋ ಅವರೇ ಆ ಡೋಲಿಗೆ ಕಿವಿ ಮುಚ್ಚಿಕೊಂಡು ನಡೆಯುತ್ತಿರುತ್ತಾರೆ. (ಸ್ವಲೀನತೆ ಎಂಬ ಚೆಂದದ ಪದವಿದೆ. ಆದರೆ ಮನೆಯಲ್ಲೂ ಆಸ್ಪತ್ರೆಯಲ್ಲೂ ಬಾಯಿಗೆ ಬರುವುದು ಆಟಿಸಂ, ಇಲ್ಲೂ ಅದೇ ಇರಲಿ.) ಈ ಪತ್ರ ಒಂದೇ ಜಾಗದ ಬಗ್ಗೆ: ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿಗಾಗಿ ತಪಾಸಣೆ ನಡೆಯುವ ಸರ್ಕಾರಿ ಆಸ್ಪತ್ರೆಯ ಕಾರಿಡಾರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಮಾಸಾಶನ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ, ಎಲ್ಲಕ್ಕೂ ಮೊದಲು ಕೇಳುವುದು ಈ ಪ್ರಮಾಣಪತ್ರವನ್ನೇ. ಅಳೆಯಲು ಐಎಸ್‌ಎಎ ಎಂಬ ಮಾಪನವಿದೆ. 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರಾಚೆ ತೀವ್ರ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆಯೇ, ಶಬ್ದ–ಸ್ಪರ್ಶಕ್ಕೆ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದೆಲ್ಲ ಅದರಲ್ಲಿದೆ. ಎರಡು ಮೂರು ತಾಸು ಗದ್ದಲದಲ್ಲಿ ಕಾಯಿಸಿ ಆಮೇಲೆ ಅಳೆದರೆ ಸಿಗುವುದು ಆ ಕಾರಿಡಾರಿನ ಅಂಕ. ಕೆಲವರು ಕಿರುಚಿ ನೆಲಕ್ಕೆ ಬೀಳುತ್ತಾರೆ, ಅಂಕ ಏರುತ್ತದೆ. ಇನ್ನು ಕೆಲವರು ಮಾತು ನಿಲ್ಲಿಸಿ ಕಲ್ಲಿನಂತೆ ಕೂತುಬಿಡುತ್ತಾರೆ, ‘ಹುಡುಗ ಸಮಾಧಾನವಾಗೇ ಇದ್ದಾನಲ್ಲ’ ಅಂತ ಇಳಿಯುತ್ತದೆ.

ಕಾಯ್ದೆ ‘ಅಡೆತಡೆ’ ಎಂದಾಗ ಕಟ್ಟಡದ ಮೆಟ್ಟಿಲನ್ನಷ್ಟೇ ಹೇಳಿಲ್ಲ. ಸಂವಹನ, ಪರಿಸರ, ಜನರ ಧೋರಣೆ ಕೂಡ ಅದರ ವ್ಯಾಖ್ಯಾನದೊಳಗಿವೆ. ಆಸ್ಪತ್ರೆಗಳಲ್ಲಿ ರ‍್ಯಾಂಪ್ ಬಂದಿದೆ, ಬರಬೇಕಾದ್ದೇ. ಆದರೆ ಚೋಕ್ ಹಾಕಿದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಜೊತೆಗೆ ಗುಂಯ್‌ಗುಡುತ್ತದೆ. ಉಳಿದವರ ಗಮನಕ್ಕೂ ಬಾರದ ಅದನ್ನು ಆಟಿಸಂ ಇರುವ ಹಲವರಿಗೆ ಬದಿಗೊತ್ತಲು ಆಗುವುದಿಲ್ಲ. ಅದರ ಮೇಲೆ ಆಗತಾನೇ ಒರೆಸಿದ ಫಿನಾಯಿಲ್, ಮೈಕಿನಲ್ಲಿ ಹೆಸರು ಕೂಗು, ಸರದಿ ಯಾವಾಗ ಎಂಬ ಸುಳಿವೇ ಇಲ್ಲದ ಸಾಲು. ನಾಲ್ಕರಲ್ಲಿ ಕೊನೆಯದೇ ಹೆಚ್ಚು ಕಾಡುವುದು. ‘ಒಂದ್ನಿಮಿಷ ಕೂತ್ಕೊ’ ಅಂದರೆ ನಮಗೆ ಅದು ಅರ್ಧ ಗಂಟೆಯೂ ಆಗಬಹುದು. ಮಾತನ್ನು ಇದ್ದದ್ದಿದ್ದಂತೆ ಹಿಡಿಯುವವರು ಅರವತ್ತರವರೆಗೆ ಎಣಿಸಿ ಎದ್ದು ನಿಲ್ಲುತ್ತಾರೆ. ‘ತಲೆ ತಿನ್ನಬೇಡ’ ಅಂದರಂತೂ ಮುಗಿಯಿತು.

ಆಗಬೇಕಾದದ್ದು ದೊಡ್ಡ ಖರ್ಚಿನದಲ್ಲ. ಆಟಿಸಂ ತಪಾಸಣೆಗೆ ಬೆಳಗಿನ ಮೊದಲ ಸರದಿ, ಗಂಟೆ ನಿಗದಿ ಮಾಡಿದ ಟೋಕನ್. ಮನೆಯವರು ಹೊರಗೆ ಮರದ ಕೆಳಗೋ ಆಟೊದಲ್ಲೋ ಇರಲಿ, ಸರದಿ ಬಂದಾಗ ಕೌಂಟರಿನಿಂದ ಒಂದು ಮಿಸ್ಡ್ ಕಾಲ್ ಸಾಕು. ಹತ್ತಡಿ ಉದ್ದಗಲದ ಒಂದು ಕೋಣೆಗೆ ಎಲ್‌ಇಡಿ ದೀಪ, ಪರದೆ, ನೆಲಕ್ಕೊಂದು ಚಾಪೆ. ಫಿನಾಯಿಲ್ ಹಿಂದಿನ ಸಂಜೆಯೇ ಮುಗಿಯಲಿ. ಕಾರ್ಖಾನೆಯವರು ಕಿವಿಗೆ ಹಾಕುವ ಇಯರ್‌ಮಫ್ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಎರಡು ತಂದಿಡಿ.

ಅಪಾಯಿಂಟ್‌ಮೆಂಟ್ ಕೊಡುವಾಗಲೇ ನಾಲ್ಕು ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹೋಗಲಿ: ಗೇಟು, ಕೌಂಟರು, ಡಾಕ್ಟರ ಕೋಣೆ, ಮತ್ತೆ ಗೇಟು. ಅದೇ ಆಸ್ಪತ್ರೆಯ ಫೋಟೊಗಳೇ ಆಗಬೇಕು. ಕಾರ್ಟೂನ್ ಚಿತ್ರ ಕಳಿಸಿದರೆ ಬಂದ ಮಗು ಆ ಕಾರ್ಟೂನ್ ಆಸ್ಪತ್ರೆಯನ್ನು ಹುಡುಕೀತು. ಕೊನೆಯ ಫೋಟೊ ಬಿಡಬೇಡಿ, ಇದು ಮುಗಿಯುತ್ತದೆ ಎಂದು ಹೇಳುವುದು ಅದೊಂದೇ. ಮನೆಯವರು ಮಗು ಊಟ ಮಾಡುವ, ಆಡುವ ಎರಡು ನಿಮಿಷದ ವಿಡಿಯೊ ತಂದು ತೋರಿಸಲಿ, ತಜ್ಞರು ಅದನ್ನೂ ಗಣನೆಗೆ ತೆಗೆದುಕೊಳ್ಳಲಿ.

ಮಾತಾಡುವಾಗ ಒಂದು ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರಲಿಲ್ಲವೆಂದು ಅದನ್ನೇ ಬೇರೆ ಮಾತಿನಲ್ಲಿ ಕೇಳಿದರೆ ಅವರಿಗೆ ಅದು ಹೊಸ ಪ್ರಶ್ನೆ, ಮತ್ತೆ ಮೊದಲಿನಿಂದ ಶುರು. ‘ನನ್ನ ಮುಖ ನೋಡು’ ಎಂಬ ಒತ್ತಾಯ ಬೇಡ, ನೋಡದೆಯೂ ಕೇಳಿಸಿಕೊಳ್ಳುತ್ತಿರುತ್ತಾರೆ. ಚಿತ್ರದ ಕಾರ್ಡನ್ನೋ ಟ್ಯಾಬನ್ನೋ ಮಾತಿಗೆ ಬಳಸುವವರ ಕೈಯಿಂದ ಅದನ್ನು ಸೆಕ್ಯುರಿಟಿಯವರು ಕಿತ್ತಿಡುವುದೆಂದರೆ ಬಾಯಿ ಕಟ್ಟಿದಂತೆ.

ಇಷ್ಟಾಗಿಯೂ ಯಾರಾದರೂ ಕುಸಿದು ಕೂತು ಅರಚಿದರೆ ಅದು ಹಟವಲ್ಲ. ಹಟ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಕೈಗೆ ಬಂದರೆ ನಿಲ್ಲಿಸುತ್ತದೆ. ಇಲ್ಲಿ ಕೊಟ್ಟರೂ ನಿಲ್ಲದು. ಸುತ್ತ ಸೇರಿದವರನ್ನು ಚದುರಿಸಿ, ದೀಪ ಆರಿಸಿ, ಮಾತು ನಿಲ್ಲಿಸಿ, ತಲೆ ಬಡಿಯದಂತೆ ಮೆತ್ತನೆಯದೇನಾದರೂ ಇಡಿ. ನಾಲ್ಕು ಜನ ಸೇರಿ ಕೈಕಾಲು ಅದುಮಿದರೆ ಇನ್ನಷ್ಟು ಹೊತ್ತು ಹಿಡಿಯುತ್ತದೆ, ಎಲ್ಲರಿಗೂ ಪೆಟ್ಟು.

ಇದಕ್ಕೆಲ್ಲ ಹೊಸ ಯೋಜನೆ ಬರಲಿ ಎಂದು ಕಾಯಬೇಕಿಲ್ಲ. ಟೋಕನ್ ಮತ್ತು ಕೋಣೆಯ ಏರ್ಪಾಡು ಜಿಲ್ಲಾ ಶಸ್ತ್ರಚಿಕಿತ್ಸಕರ ಒಂದು ಸುತ್ತೋಲೆಯ ಕೆಲಸ. ಅದರಲ್ಲಿ ‘ಆಟಿಸಂ ಇರುವ ಮಕ್ಕಳು’ ಎಂದು ಬರೆಯದೆ ‘ಆಟಿಸಂ ಇರುವವರು’ ಎಂದು ಬರೆಯಲಿ. ಮೂವತ್ತು, ನಲವತ್ತು ವಯಸ್ಸಿನವರೂ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಮಕ್ಕಳಿಗೆ ಸಿಗುವ ಅಲ್ಪಸ್ವಲ್ಪ ಕನಿಕರವೂ ಅವರಿಗೆ ಸಿಗುವುದಿಲ್ಲ.

— ಕೆಲವು ಪೋಷಕರು ಮತ್ತು ವಿಶೇಷ ಶಿಕ್ಷಕರು, ಮೈಸೂರು