ಹುಮನಾಬಾದ್ ರಸ್ತೆಯ ಲಾರಿ ಚಾಲಕರಿಗೆ ಕೃತಜ್ಞತೆ

ಬೀದರ್–ಹುಮನಾಬಾದ್ ರಸ್ತೆಯಲ್ಲಿ ನಮ್ಮ ಕಾರು ಕೀಲಿ ತಿರುಗಿಸಿದರೆ ಬರಿಯ ಟಕ್ ಟಕ್ ಸದ್ದು ಮಾಡಿ ನಿಂತುಬಿಟ್ಟಾಗ, ಹೆಸರನ್ನೂ ಹೇಳದೆ ನೆರವಾದ ಲಾರಿ ಚಾಲಕ ಅಣ್ಣನವರಿಗೆ ಮನಃಪೂರ್ವಕ ಧನ್ಯವಾದಗಳು. ದೀಪಗಳು ಮಂಕಾಗಿದ್ದುದನ್ನು ಕಂಡೇ ದೋಷ ಬ್ಯಾಟರಿಯದೆಂದು ಊಹಿಸಿದ ಅವರು, ತಮ್ಮ ಲಾರಿಯದು 24 ವೋಲ್ಟ್ ವ್ಯವಸ್ಥೆಯಾದ್ದರಿಂದ ನಮ್ಮ 12 ವೋಲ್ಟ್ ಕಾರಿಗೆ ಅದನ್ನು ಜೋಡಿಸಬಾರದೆಂದು ತಿಳಿಸಿ, ತಾವೇ ಕೈಯೊಡ್ಡಿ ಇನ್ನೊಂದು ಕಾರನ್ನು ನಿಲ್ಲಿಸಿದರು. ಇಷ್ಟು ಎಚ್ಚರ ಎಷ್ಟೋ ಗ್ಯಾರೇಜುಗಳಲ್ಲೂ ಕಾಣಸಿಗದು. ಕೆಂಪು ಕೇಬಲ್ಲಿನಿಂದ ಎರಡೂ ಬ್ಯಾಟರಿಗಳ ಪ್ಲಸ್ ತುದಿಗಳನ್ನು ಜೋಡಿಸಿ, ಕಪ್ಪು ಕೇಬಲ್ಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಕೊಟ್ಟು, ಇನ್ನೊಂದನ್ನು ನಮ್ಮ ಬ್ಯಾಟರಿಯಿಂದ ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿದರು. ಬ್ಯಾಟರಿಯಿಂದ ಹೊರಬರುವ ಜಲಜನಕಕ್ಕೆ ಕಿಡಿ ತಗಲಬಾರದೆಂಬುದೇ ಇದಕ್ಕೆ ಕಾರಣ. ಕಾರು ಚಾಲೂ ಆದೊಡನೆ ಕೇಬಲ್ಲುಗಳನ್ನು ಹಿಮ್ಮುಖ ಕ್ರಮದಲ್ಲಿ ಬಿಚ್ಚಿ, ಚಹಾಕ್ಕೂ ನಿಲ್ಲದೆ ಹೊರಟುಹೋದರು.