ನಿನ್ನ ಹೊಸ ಪಾಸ್‌ಪೋರ್ಟ್ ಮತ್ತು ನಜನೀನ್ ಕಳೆದುಕೊಂಡ ಆರು ವರ್ಷ

ಪ್ರಿಯ ಗೆಳೆಯ,

ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿರುವುದು ತಿಳಿದು ಸಂತೋಷವಾಯಿತು. ‘ಇನ್ನು ಎಲ್ಲಿಗೆ ಹೋದರೂ ನನ್ನ ಬೆನ್ನಿಗೆ ಒಂದು ಗಟ್ಟಿ ಸರ್ಕಾರ ಇರುತ್ತದೆ’ ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ನನ್ನನ್ನು ಬಿಡಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಪಾಸ್‌ಪೋರ್ಟ್ ತೆರೆದರೆ ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕೋರಿಕೆ ಇದೆ: ಇದನ್ನು ಹೊಂದಿರುವವರನ್ನು ಅಡ್ಡಿಯಿಲ್ಲದೆ ಹೋಗಲು ಬಿಡಿ, ಬೇಕಾದ ನೆರವು ಮತ್ತು ರಕ್ಷಣೆ ಕೊಡಿ. ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿಯೂ ಹೆಚ್ಚುಕಡಿಮೆ ಅದೇ ಮಾತು ದೊರೆಯ ಹೆಸರಿನಲ್ಲಿದೆ. ಎರಡೂ ಪರದೇಶದ ಅಧಿಕಾರಿಗಳನ್ನು ಉದ್ದೇಶಿಸಿ ಬರೆದವು. ಅವರು ಕೇಳದಿದ್ದರೆ ನಿನ್ನ ಸರ್ಕಾರ ನಿನಗಾಗಿ ಏನು ಮಾಡಬೇಕು ಎಂಬುದು ಆ ಪುಟದಲ್ಲಿ ಎಲ್ಲಿಯೂ ಇಲ್ಲ.

ನಜನೀನ್ ಜಘಾರಿ-ರಾಟ್‌ಕ್ಲಿಫ್ ಹೆಸರು ನಿನಗೆ ನೆನಪಿರಬಹುದು. ಲಂಡನ್‌ನಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಇರಾನ್ ಮತ್ತು ಬ್ರಿಟನ್ ಎರಡರ ಪೌರತ್ವವೂ ಇತ್ತು. 2016ರಲ್ಲಿ ಪರ್ಷಿಯನ್ ಹೊಸ ವರ್ಷಕ್ಕೆ ತವರಿಗೆ ಹೋಗಿ, ಏಪ್ರಿಲ್ 3ರಂದು ಹಿಂದಿರುಗುವಾಗ ತೆಹ್ರಾನ್ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಜೊತೆಗಿದ್ದ ಮಗಳು ಗೇಬ್ರಿಯೆಲಾಗೆ ಆಗ 22 ತಿಂಗಳು. ಕೂಸಿನ ಪಾಸ್‌ಪೋರ್ಟನ್ನೂ ಕಿತ್ತುಕೊಂಡರು. ತಾಯಿಗೆ ಮೊದಲು ಕೆರ್ಮಾನ್ ನಗರದಲ್ಲಿ ಏಕಾಂತ ಸೆರೆ, ಆಮೇಲೆ ತೆಹ್ರಾನಿನ ಎವಿನ್ ಜೈಲು, ಕಣ್ಣಿಗೆ ಪಟ್ಟಿ ಕಟ್ಟಿ ವಿಚಾರಣೆ, ಐದು ವರ್ಷ ಶಿಕ್ಷೆ. ಮಗು ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆಯುತ್ತ ಬರೀ ಪರ್ಷಿಯನ್ ಮಾತಾಡತೊಡಗಿತು. ಲಂಡನ್ನಿನಿಂದ ಕರೆ ಮಾಡುವ ಅಪ್ಪನ ಇಂಗ್ಲಿಷ್ ಅದಕ್ಕೆ ಮರೆತೇಹೋಯಿತು. ಎರಡು ಹೆಣ್ಣುಮಕ್ಕಳ ತಂದೆ ನೀನು, ಇದಕ್ಕಿಂತ ಹೆಚ್ಚು ನಾನು ಹೇಳಬೇಕಿಲ್ಲ.

ಈಗ ಸಂಸತ್ತಿನ ವಿಷಯಕ್ಕೆ ಬರುತ್ತೇನೆ. 2017ರ ನವೆಂಬರ್ 1ರಂದು ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ವಿದೇಶಾಂಗ ಸಮಿತಿಯ ಮುಂದೆ ಆಗಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್ ಹಾಜರಾಗಿದ್ದರು. ಮಾತಿನ ಭರದಲ್ಲಿ, ತಮಗೆ ತಿಳಿದ ಮಟ್ಟಿಗೆ ಆಕೆ ಜನರಿಗೆ ಪತ್ರಿಕೋದ್ಯಮ ಕಲಿಸುತ್ತಿದ್ದರಷ್ಟೇ ಎಂದುಬಿಟ್ಟರು. ಆಕೆ ಹೋಗಿದ್ದು ರಜೆಗೆ ಎಂದು ಕುಟುಂಬದವರೂ ಕೆಲಸ ಕೊಟ್ಟ ಸಂಸ್ಥೆಯೂ ಒಂದೂವರೆ ವರ್ಷದಿಂದ ಗಂಟಲು ಹರಿಯುವಂತೆ ಹೇಳುತ್ತಿದ್ದರು. ರಜೆಯ ನೆಪದಲ್ಲಿ ಬೇರೆ ಕೆಲಸಕ್ಕೆ ಬಂದಿದ್ದರೆಂದು ಆರೋಪಿಸುವ ಇರಾನಿನವರಿಗೆ ಬೇಕಾಗಿದ್ದ ಮಾತನ್ನು ಆಕೆಯ ಸರ್ಕಾರದ ಸಚಿವರೇ ಒದಗಿಸಿದರು. ಮೂರು ದಿನ ಕಳೆಯುವುದರೊಳಗೆ ನಜನೀನ್‌ರನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಅದೇ ಹೇಳಿಕೆಯನ್ನು ಸಾಕ್ಷ್ಯವೆಂಬಂತೆ ಎತ್ತಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥದ್ದಕ್ಕೇ ಇರಬೇಕು. ಸಾಲದೆಂಬಂತೆ ಇನ್ನೊಬ್ಬ ಸಚಿವ ಮೈಕಲ್ ಗೋವ್ ಟಿ.ವಿ.ಯಲ್ಲಿ ಕೂತು, ಆಕೆ ಅಲ್ಲಿ ಏನು ಮಾಡುತ್ತಿದ್ದರೋ ತನಗೆ ಗೊತ್ತಿಲ್ಲ ಎಂದರು.

ನವೆಂಬರ್ 7ರಂದು ಸದನದಲ್ಲಿ ಜಾನ್ಸನ್ ಹೇಳಿದ್ದು, ತಮ್ಮ ಮಾತು ಇನ್ನಷ್ಟು ಸ್ಪಷ್ಟವಾಗಿರಬಹುದಿತ್ತು ಎಂದಷ್ಟೇ. ವಿರೋಧ ಪಕ್ಷದವರು ಹರಿಹಾಯ್ದರು, ರಾಜೀನಾಮೆ ಕೇಳಿದರು. ಆಳುವ ಪಕ್ಷದವರು ಸೆರೆಯಲ್ಲಿಟ್ಟಿರುವುದು ಇರಾನ್, ಬೈಯುವುದಾದರೆ ಅವರನ್ನು ಬೈಯಿರಿ ಎಂದರು. ನೇರವಾದ ಕ್ಷಮಾಪಣೆ ಬಂದದ್ದು 13ರಂದು. ಆಳುವ ಪಕ್ಷದವರ ವಾದದಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಆ ಹೆಂಗಸನ್ನು ಹಿಂಸಿಸಿದ್ದು ಇರಾನಿನ ಆಡಳಿತವೇ. ಆದರೆ ತನ್ನ ಪ್ರಜೆಯ ಕಡತವನ್ನು ಓದಿಕೊಂಡು ಬಂದು ಬಾಯಿ ತೆರೆಯುವುದು ಸಚಿವನ ಕನಿಷ್ಠ ಕರ್ತವ್ಯ. ನನ್ನ ಕಕ್ಷಿದಾರ ಕಟಕಟೆಯಲ್ಲಿರುವಾಗ ನಾನು ಕಡತ ನೋಡದೆ ವಾದಕ್ಕೆ ನಿಂತರೆ ನನ್ನನ್ನು ವಕೀಲನೆಂದು ಯಾರೂ ಕರೆಯಲಾರರು. 2022ರ ಮೇ ತಿಂಗಳಲ್ಲಿ, ಪ್ರಧಾನಿಯಾಗಿದ್ದ ಜಾನ್ಸನ್‌ರ ಎದುರಿಗೆ ಕೂತು, ನಿಮ್ಮ ಆ ಮಾತಿನ ನೆರಳಿನಲ್ಲಿ ನಾಲ್ಕೂವರೆ ವರ್ಷ ಬದುಕಿದೆ ಎಂದು ನಜನೀನ್ ಹೇಳಿದರಂತೆ. ಜೊತೆಗಿದ್ದ ಅವರ ಕ್ಷೇತ್ರದ ಸಂಸದೆ ಟುಲಿಪ್ ಸಿದ್ದಿಕ್ ಇದನ್ನು ಹೊರಗೆ ಬಂದು ತಿಳಿಸಿದರು.

ಕಾನೂನಿನ ಕಡೆಯಿಂದ ನೋಡಿದರೆ ನನಗೆ ಇನ್ನೂ ಸಂಕಟವಾಗುತ್ತದೆ. ಪರದೇಶದಲ್ಲಿ ಬಂಧನವಾದಾಗ ದೂತಾವಾಸದ ಅಧಿಕಾರಿ ಬಂದು ನೋಡುವುದು, ವಕೀಲರನ್ನು ಹುಡುಕಲು ನೆರವಾಗುವುದು ಒಂದು ಬಗೆ. ಇದಕ್ಕೆ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಆಧಾರ. ಕುಲಭೂಷಣ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಇದನ್ನು ಉಲ್ಲಂಘಿಸಿದೆ ಎಂದೇ 2019ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಭಾರತದ ಪರವಾಗಿ ಹೇಳಿತು. ಇನ್ನೊಂದು ಬಗೆ ರಾಜತಾಂತ್ರಿಕ ರಕ್ಷಣೆ: ಪ್ರಜೆಗೆ ಆದ ಅನ್ಯಾಯವನ್ನು ದೇಶ ತನಗೇ ಆದ ಅನ್ಯಾಯವೆಂದು ಎತ್ತಿಕೊಳ್ಳುವುದು. 2019ರ ಮಾರ್ಚ್‌ನಲ್ಲಿ ಆಗಿನ ವಿದೇಶಾಂಗ ಸಚಿವ ಜೆರೆಮಿ ಹಂಟ್ ನಜನೀನ್‌ಗೆ ಇದನ್ನು ಕೊಟ್ಟರು. ತೀರ ಅಪರೂಪದ ಹೆಜ್ಜೆ, ಮೆಚ್ಚಬೇಕಾದದ್ದೇ. ಎರಡನೆಯ ಪೌರತ್ವವನ್ನು ಒಪ್ಪದ ಇರಾನ್, ಇವಳು ನಮ್ಮವಳು, ನಿಮಗೇನು ಕೆಲಸ ಎಂದು ತಳ್ಳಿಹಾಕಿತು. ಬಂಧನವಾಗಿ ಆಗಲೇ ಮೂರು ವರ್ಷ ತುಂಬುತ್ತಿತ್ತು ಎಂಬುದನ್ನು ಗಮನಿಸು.

ಈ ರಕ್ಷಣೆಯನ್ನು ಕೊಡು ಎಂದು ಪ್ರಜೆ ಹಕ್ಕಿನಿಂದ ಕೇಳುವಂತಿಲ್ಲ. ಅಮೆರಿಕದ ಸೇನಾ ಸೆರೆಮನೆಯಾದ ಗ್ವಾಂಟಾನಮೊದಲ್ಲಿ ಸೆರೆಯಾಗಿದ್ದ ಬ್ರಿಟಿಷ್ ಪ್ರಜೆ ಅಬ್ಬಾಸಿಯ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2002ರಲ್ಲಿ, ಆ ಸೆರೆ ಕಾನೂನಿನ ಕಣ್ಣಿಗೆ ಬೀಳದ ಕತ್ತಲೆ ಎಂಬ ಅರ್ಥದ ಕಟುವಾದ ಮಾತನ್ನೇ ಬರೆಯಿತು. ಬರೆದೂ, ಇಂಥದ್ದೇ ಮಾಡು ಎಂದು ವಿದೇಶಾಂಗ ಸಚಿವರಿಗೆ ಆಜ್ಞೆ ಕೊಡಲು ತನ್ನಿಂದಾಗದು ಎಂದಿತು. ಮನವಿಯನ್ನು ಸರ್ಕಾರ ಪರಿಶೀಲಿಸುತ್ತದೆ ಎಂದು ನಿರೀಕ್ಷಿಸಬಹುದು, ಅಷ್ಟೇ. ನೀನು ಹೇಳುವ ಬೆನ್ನಿನ ಗಟ್ಟಿತನ ನಿಂತಿರುವುದು ಇದರ ಮೇಲೆ.

ಇನ್ನು ಸಾಲದ ಕಥೆ. 1970ರ ದಶಕದಲ್ಲಿ ಇರಾನಿನ ದೊರೆ ಷಾ ಬ್ರಿಟನ್ನಿಗೆ ದುಡ್ಡು ಕೊಟ್ಟು ಚೀಫ್‌ಟನ್ ಟ್ಯಾಂಕುಗಳಿಗೆ ಬೇಡಿಕೆ ಇಟ್ಟಿದ್ದರು. 1979ರ ಕ್ರಾಂತಿಯಾದ ಮೇಲೆ ಬ್ರಿಟನ್ ಹೆಚ್ಚಿನ ಟ್ಯಾಂಕುಗಳನ್ನು ಕಳುಹಿಸಲಿಲ್ಲ, ದುಡ್ಡನ್ನೂ ಹಿಂದಿರುಗಿಸಲಿಲ್ಲ. ತನ್ನ ಹೆಂಡತಿಯನ್ನು ಹಿಡಿದಿಟ್ಟಿರುವುದು ಇದಕ್ಕಾಗಿಯೇ ಎಂದು ರಿಚರ್ಡ್ ರಾಟ್‌ಕ್ಲಿಫ್ ವರ್ಷಗಟ್ಟಲೆ ಕೂಗಿ ಹೇಳಿದರು. 2021ರ ಅಕ್ಟೋಬರ್-ನವೆಂಬರ್‌ನ ಚಳಿಯಲ್ಲಿ ವಿದೇಶಾಂಗ ಕಚೇರಿಯ ಎದುರು ಡೇರೆ ಹಾಕಿ 21 ದಿನ ಉಪವಾಸ ಮಾಡಿದರು. ಅದು ಮುಗಿದ ವಾರದಲ್ಲೇ ಸಂಸತ್ತಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ನಡೆದ ಚರ್ಚೆಯಲ್ಲಿ ಸಂಸದರು ಕೇಳಿದ್ದು ಒಂದೇ: ಅದು ಸಾಲವೆಂದು ಸರ್ಕಾರವೇ ಒಪ್ಪಿದ ಮೇಲೆ ತೀರಿಸಲು ಏನು ಅಡ್ಡಿ? 2022ರ ಮಾರ್ಚ್‌ನಲ್ಲಿ 39.38 ಕೋಟಿ ಪೌಂಡ್ ಪಾವತಿಯಾಯಿತು, ಮಾರ್ಚ್ 16ರಂದು ನಜನೀನ್ ವಿಮಾನ ಹತ್ತಿದರು. ಐದು ದಿನಗಳ ನಂತರ ಪತ್ರಿಕಾಗೋಷ್ಠಿಯಲ್ಲಿ ಅವರು, ಒಬ್ಬರು ಮನೆಗೆ ಬರಲು ಎಷ್ಟು ವಿದೇಶಾಂಗ ಸಚಿವರು ಬೇಕು, ಐವರೇ ಎಂದು ಕೇಳಿದರು. ಈಗ ಆದದ್ದು ಆರು ವರ್ಷದ ಹಿಂದೆಯೇ ಆಗಬೇಕಿತ್ತು ಎಂದರು. ಬಿಡಿಸಿದ ಸರ್ಕಾರಕ್ಕೆ ಕೃತಜ್ಞತೆ ತೋರಿಸಲಿಲ್ಲವೆಂದು ಆಗ ಕೆಲವರು ಅವರನ್ನೇ ಹೀನಾಯವಾಗಿ ಬೈದರು. ನನಗೆ ಮಾತ್ರ ಆ ಆರು ವರ್ಷಗಳ ರಾಜಕಾರಣದಲ್ಲಿ ಕೇಳಿದ ಅತ್ಯಂತ ನೇರವಾದ ಪ್ರಶ್ನೆ ಅದೇ. ಅದೇ ಗೋಷ್ಠಿಯಲ್ಲಿ ಅವರು ತಮ್ಮಂತೆಯೇ ಬಂಧನಕ್ಕೊಳಗಾಗಿ ಇರಾನಿನಲ್ಲೇ ಉಳಿದುಹೋದ ಪರಿಸರವಾದಿ ಮೊರಾದ್ ತಾಹ್ಬಾಜ್‌ರ ಬಿಡುಗಡೆಗೂ ಒತ್ತಾಯಿಸಿದರು. ಅವರ ಕೈಯಲ್ಲಿಯೂ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಕಡೆಗೆ 2023ರ ಸೆಪ್ಟೆಂಬರ್‌ನಲ್ಲಿ ಅವರು ಬಿಡುಗಡೆಯಾದದ್ದು ಅಮೆರಿಕ ಮಾಡಿಕೊಂಡ ಒಪ್ಪಂದದಿಂದ.

ನಿನ್ನನ್ನು ಹೆದರಿಸಲು ಇದನ್ನೆಲ್ಲ ಬರೆಯಲಿಲ್ಲ. ಭಾರತ ಎರಡು ಪೌರತ್ವ ಕೊಡುವುದಿಲ್ಲವಾದ್ದರಿಂದ, ಅಲ್ಲಿಯ ಪ್ರಜೆಯಾದ ಮೇಲೆ ನೀನು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹಿಡಿದು ಊರಿಗೆ ಬಂದರೂ ಕಾನೂನಿನ ಲೆಕ್ಕದಲ್ಲಿ ವಿದೇಶಿ. ನಜನೀನ್ ಸಿಕ್ಕಿಬಿದ್ದ ಆ ಇಕ್ಕಟ್ಟು ನಿನಗಿಲ್ಲ. ಆದರೆ ಕೆಲಸದ ಮೇಲೆ ಹತ್ತಾರು ದೇಶ ಸುತ್ತುವವನು ನೀನು. 2024ರ ಚುನಾವಣಾ ಪ್ರಣಾಳಿಕೆಯಲ್ಲಿ ಲೇಬರ್ ಪಕ್ಷ, ಮಾನವ ಹಕ್ಕು ಉಲ್ಲಂಘನೆಯ ಪ್ರಕರಣಗಳಲ್ಲಿ ದೂತಾವಾಸದ ನೆರವನ್ನು ಹಕ್ಕಾಗಿ ಮಾಡುತ್ತೇವೆ ಎಂದು ಮಾತು ಕೊಟ್ಟಿತ್ತು. ಕಾಮನ್‌ವೆಲ್ತ್ ಪ್ರಜೆಯಾಗಿ ನಿನಗೆ ಈಗಲೇ ಅಲ್ಲಿ ಮತದಾನದ ಹಕ್ಕಿದೆ, ಪೌರತ್ವ ಸಿಗುವವರೆಗೆ ಕಾಯಬೇಕಿಲ್ಲ. ನಿನ್ನ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆದು ಆ ಮಾತು ಎಲ್ಲಿಗೆ ಬಂತು ಎಂದು ಕೇಳು. ಉತ್ತರ ಬಂದರೆ ನನಗೂ ಕಳುಹಿಸು.

ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ತಿಳಿಸು.

ನಿನ್ನ ಗೆಳೆಯ